ಮಂಚಿಕೇರಿಯಿಂದ ಹೆಗ್ಗೋಡಿಗೆ: ಸಿದ್ದಿ ಕಲಾವಿದರ ರಂಗದ ದಾರಿ

ಇಟ್ಟಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯವರಿಗೆ ಆಟದ ಹುಚ್ಚು ಹೊಸದಲ್ಲ. ಬಯಲಾಟದ ಈ ನೆಲದಲ್ಲೇ ಎಂ.ಪಿ. ಪ್ರಕಾಶ್ ಅವರು ಹೂವಿನಹಡಗಲಿಯಲ್ಲಿ ರಂಗಭಾರತಿ ಎಂಬ ರಂಗಸಂಸ್ಥೆ ಕಟ್ಟಿದರು. ಹಳ್ಳಿಯ ಕಲಾವಿದ ಮನೆ ಬಿಟ್ಟು, ಕೆಲಕಾಲ ಪರಸ್ಥಳದಲ್ಲಿದ್ದು ಕಲಿತರೆ ಏನು ಪಡೆಯುತ್ತಾನೆ? ಸಿದ್ದಿ ಕಲಾವಿದರನ್ನು ನೋಡಿದರೆ ತಿಳಿಯುತ್ತದೆ.

ಸಿದ್ದಿಯರು ಆಫ್ರಿಕಾ ಮೂಲದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಅವರ ಹಳ್ಳಿಗಳಿವೆ. ಮನೆಮಾತು ಕೊಂಕಣಿ, ಹಾಡು ಕುಣಿತಕ್ಕೆ ಡಮಾಮಿ ಎಂಬ ಚರ್ಮವಾದ್ಯ ಬೇಕೇ ಬೇಕು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಅದಕ್ಕೂ ಮೊದಲೇ ಅವರನ್ನು ಕಲಾವಿದರೆಂದು ಗುರುತಿಸಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್. 1949ರಲ್ಲಿ ಹುಟ್ಟಿದ ಈ ರಂಗಸಂಸ್ಥೆಯನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ. 1980ರ ದಶಕದಲ್ಲಿ ಇಲ್ಲಿನ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸಿದ್ದಿಯರಿಂದ ‘ಕಪ್ಪು ಜನ ಕೆಂಪು ನೆರಳು’ ನಾಟಕ ಮಾಡಿಸಿದರು. ಇದಕ್ಕೆ ಮೂಲ ನೈಜೀರಿಯದ ಚಿನುವ ಅಚಿಬೆಯವರ 1958ರ ಕಾದಂಬರಿ. ಬಿಳಿಯರು ಕಾಲಿಟ್ಟ ಮೇಲೆ ಒಡೆದುಹೋಗುವ ಆಫ್ರಿಕಾದ ಹಳ್ಳಿಯೊಂದರ ಕಥೆಯನ್ನು ಆಫ್ರಿಕಾ ಮೂಲದವರೇ ಕನ್ನಡದಲ್ಲಿ ಆಡಿದರು.

ಹೀಗೆ ನಾಟಕ ಹಳ್ಳಿಗೆ ಬಂದ ಮೇಲೆ ಹಳ್ಳಿಯ ಮಕ್ಕಳು ಹೆಗ್ಗೋಡಿಗೆ ಹೋದರು. 1980ರಲ್ಲಿ ಆರಂಭವಾದ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ ವಿದ್ಯಾರ್ಥಿಗಳು ಅಲ್ಲೇ ಉಳಿದು ಅಭಿನಯ, ರಂಗಸಜ್ಜಿಕೆ, ಬೆಳಕು, ಪ್ರಸಾಧನ ಕಲಿಯುತ್ತಾರೆ. 1985ರಲ್ಲಿ ಶುರುವಾದ ‘ತಿರುಗಾಟ’ ನಾಟಕಗಳನ್ನು ಊರೂರಿಗೆ ಒಯ್ಯುತ್ತದೆ. ನಟಿ, ಗಾಯಕಿ ಗಿರಿಜಾ ಸಿದ್ದಿ, ‘ಪರಮಾತ್ಮ’ ಮೊದಲಾದ ಸಿನಿಮಾಗಳ ನಟ ಪ್ರಶಾಂತ್ ಸಿದ್ದಿ ಇಲ್ಲಿ ಕಲಿತವರು. ಗಿರಿಜಾ ಅವರ ಕಂಠದಲ್ಲಿ ಸಿದ್ದಿ ಹಾಡುಗಳೂ ರಂಗಗೀತೆಗಳೂ ಒಟ್ಟಿಗೆ ಉಳಿದಿವೆ. ಹೊಸದನ್ನು ಕಲಿಯಲು ಹಳೆಯದನ್ನು ಬಿಡಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜಗತ್ತಿನ ಬೇರೆಡೆಯೂ ಕಲಾವಿದರಿಗೆ ಇಂಥ ನೆಲೆಗಳಿವೆ. ನ್ಯೂಯಾರ್ಕಿನ ಹಾರ್ಲೆಮ್‌ನ ಸ್ಟುಡಿಯೋ ಮ್ಯೂಸಿಯಂನಲ್ಲಿ ಕೆಲಕಾಲ ಉಳಿದು ಕೆಲಸ ಮಾಡಿದ ಚಿತ್ರಕಾರ ಕೆಹಿಂಡೆ ವೈಲಿ, 2019ರಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ತಾವೇ ‘ಬ್ಲ್ಯಾಕ್ ರಾಕ್’ ಎಂಬ ಕಲಾವಿದರ ನೆಲೆ ತೆರೆದರು. ತಮಗೆ ಸಿಕ್ಕ ಅವಕಾಶವನ್ನು ಇತರರಿಗೂ ದಾಟಿಸಿದರು.

ಊಟ, ವಸತಿ, ಗುರು, ಜೊತೆಗಾರರು, ಚಿಂತೆಯಿಲ್ಲದ ಕೆಲವು ತಿಂಗಳು ಸಿಕ್ಕರೆ ಪ್ರತಿಭೆ ಗಟ್ಟಿಯಾಗುತ್ತದೆ. ಆದರೆ ಆ ಬಾಗಿಲು ಇದೆಯೆಂದು ಹಳ್ಳಿಗೆ ಬಂದು ಹೇಳುವವರು ಮೊದಲು ಬೇಕು. ಮಂಚಿಕೇರಿಗೆ ಆ ಭಾಗ್ಯ ಸಿಕ್ಕಿತು. ನಮ್ಮ ಬಯಲಾಟದ ಮನೆಗಳ ಮಕ್ಕಳಿಗೂ ಅದು ಸಿಗಬೇಕು.