ಅಗ್ಗದ ಪ್ಯಾಡ್, ಪಳಗದ ಡಿಸ್ಕ್

ಗುಡ್ಡ ಹತ್ತುವ ಸೈಕಲ್ಲಿನ ಡಿಸ್ಕ್ ಬ್ರೇಕಿನಲ್ಲಿ ಭಾಗಗಳು ಹೆಚ್ಚಿಲ್ಲ. ಚಕ್ರದ ಜೊತೆ ತಿರುಗುವ ಸ್ಟೀಲ್ ಬಿಲ್ಲೆ ರೋಟರ್. ಅದನ್ನು ಎರಡೂ ಕಡೆಯಿಂದ ಅವುಚುವುದು ಕ್ಯಾಲಿಪರ್. ಅದರೊಳಗೆ ಕೂತು ಸವೆಯುವುದು ಪ್ಯಾಡ್: ಒಂದು ಲೋಹದ ತಗಡು, ಮೇಲೆ ಸುಮಾರು 2 ಮಿ.ಮೀ. ದಪ್ಪ ಮಸಾಲೆ. ಮಸಾಲೆಯನ್ನು ರಾಳದಲ್ಲಿ ಕಲಸಿ ಗಟ್ಟಿ ಮಾಡಿದರೆ ರೆಸಿನ್ ಪ್ಯಾಡ್, ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಬೆಸೆದರೆ ಸಿಂಟರ್ಡ್. ಮೊದಲನೆಯದು ಸದ್ದಿಲ್ಲದೆ ಹಿಡಿಯುತ್ತದೆ, ಕೆಸರಲ್ಲಿ ಬೇಗ ಸವೆಯುತ್ತದೆ. ಎರಡನೆಯದು ಕೆಸರಿಗೂ ಕಾವಿಗೂ ಜಗ್ಗದು, ಆದರೆ ಕಿರುಚುತ್ತದೆ.

ಒರಿಜಿನಲ್ ಬದಲು ಅಗ್ಗದ ಲೋಕಲ್ ಪ್ಯಾಡ್ ಹಾಕಿಸಬಹುದೇ? ಧಾರಾಳವಾಗಿ. ಆದರೆ ಹಾಕಿಸಿದ ಮಾರನೆಯ ದಿನವೇ ಒಂದು ದೂರು ಬರುತ್ತದೆ: "ಸಾರ್, ಲಿವರ್ ಪೂರ್ತಿ ಹಿಚುಕಿದ್ರೂ ಗಾಡಿ ನಿಲ್ತಿಲ್ಲ." ಬೈಗುಳವೆಲ್ಲ ಅಗ್ಗದ ಪ್ಯಾಡಿಗೆ. ನಾನೂ ಒಮ್ಮೆ ಹೀಗೆ ಬೈದು, ಎರಡೇ ದಿನದ ಪ್ಯಾಡನ್ನು ಕಸಕ್ಕೆ ಎಸೆದಿದ್ದೆ. ಆಮೇಲೆ ಹಾಕಿದ ಒರಿಜಿನಲ್ಲೂ ಮೊದಲ ದಿನ ಹಾಗೇ ಜಾರಿತು. ಆಗ ನನಗೆ ನಾಚಿಕೆಯಾಯಿತು.

ಒರಟು ಪ್ಯಾಡು ಡಿಸ್ಕನ್ನು ತರಿಯುವುದರಿಂದಲೇ ಚಕ್ರ ನಿಲ್ಲುತ್ತದೆ ಎಂದು ಬಹುತೇಕರು ತಿಳಿದಿದ್ದಾರೆ. ತರಿಯುವುದು ಕತೆಯ ಅರ್ಧ ಮಾತ್ರ. ಬಿಸಿಯಾದ ಪ್ಯಾಡಿನ ಮಸಾಲೆ ತುಸುತುಸುವೇ ರೋಟರಿಗೆ ಮೆತ್ತಿಕೊಂಡು ತೆಳುವಾದ ಪದರವಾಗುತ್ತದೆ. ಆಮೇಲೆ ಪ್ಯಾಡು ಉಜ್ಜುವುದು ಬರಿ ಸ್ಟೀಲನ್ನಲ್ಲ, ತನ್ನದೇ ಮಸಾಲೆಯನ್ನು. ಎರಡರ ನಡುವೆ ಕ್ಷಣಕ್ಷಣಕ್ಕೂ ಅಂಟು ಕೂಡುತ್ತದೆ, ಹರಿಯುತ್ತದೆ. ಹಿಡಿತ ಹುಟ್ಟುವುದು ಅಲ್ಲಿ. ಹೊಸ ಪ್ಯಾಡಿಗೆ ಆ ಪದರ ಇನ್ನೂ ಕೂತಿರುವುದಿಲ್ಲ, ಅದಕ್ಕೇ ಜಾರುತ್ತದೆ. ದೋಸೆ ಕಾವಲಿ ಪಳಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಹೋಲಿಕೆ ಇಲ್ಲಿಗೇ ನಿಲ್ಲಲಿ. ಪಳಗಿದ ಕಾವಲಿ ಬಿಡುತ್ತದೆ, ಪಳಗಿದ ಡಿಸ್ಕ್ ಹಿಡಿಯುತ್ತದೆ. ಕಾವಲಿಗೆ ಎಣ್ಣೆ ಬೇಕು, ಇಲ್ಲಿ ಒಂದು ಹನಿಯೂ ವಿಷ.)

ಪಳಗಿಸುವುದಕ್ಕೆ ಖಾಲಿ ರಸ್ತೆ ಸಾಕು. ಗಂಟೆಗೆ 20 ಕಿ.ಮೀ. ವೇಗಕ್ಕೆ ಬನ್ನಿ, ಒಂದೇ ಬ್ರೇಕನ್ನು ಹದವಾಗಿ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ, ಬಿಡಿ. ಇಪ್ಪತ್ತು ಸಲ. ಆಮೇಲೆ ಇನ್ನೊಂದು ಬ್ರೇಕ್. ಪೂರ್ತಿ ನಿಲ್ಲಿಸಬೇಡಿ. ಕಾದ ಪ್ಯಾಡು ಒಂದೇ ಜಾಗದಲ್ಲಿ ಒತ್ತಿ ನಿಂತರೆ ಅಲ್ಲಿ ಮಸಾಲೆ ದಪ್ಪಗೆ ಕೂರುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಲಿವರ್ ಬೆರಳಿಗೆ ಮಿಡಿಯುತ್ತದೆ. ಹೀಗೆ ಏಳೆಂಟು ಸಲ ಹಿಡಿದು ಬಿಡುವಷ್ಟರಲ್ಲಿ ಗಾಡಿ ಇದ್ದಕ್ಕಿದ್ದಂತೆ ಮಾತು ಕೇಳತೊಡಗುತ್ತದೆ. ನನಗೆ ಈಗಲೂ ಅದು ಹಬ್ಬ.

ಬೆಳಿಗ್ಗೆ ಹೊಸ ರೆಸಿನ್ ಪ್ಯಾಡ್ ಹಾಕಿಸಿ ನೇರ ನಂದಿಬೆಟ್ಟಕ್ಕೆ ಹೋಗುವವರೂ ಇದ್ದಾರೆ. ಸೈಕಲ್ಲು, ಸವಾರ ಸೇರಿ 90 ಕೆ.ಜಿ. ಎಂದುಕೊಳ್ಳಿ. 400 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ನೀರನ್ನು ಕುದಿಸೀತು. ಗಾಳಿ ತನ್ನ ಪಾಲು ತೆಗೆದುಕೊಂಡರೂ, ಉಳಿದದ್ದೆಲ್ಲ ಬೆರಳಗಲದ ನಾಲ್ಕು ಪ್ಯಾಡುಗಳ ತಲೆಗೆ. ಪಳಗದ ಮಸಾಲೆಯ ಮೈ ಸುಟ್ಟು ಗಾಜಿನಂತೆ ಮಿನುಗುತ್ತದೆ, ಹಿಡಿತ ಹೋಗುತ್ತದೆ. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಕೆಲವೊಮ್ಮೆ ಬದುಕುತ್ತದೆ. ಚೈನಿನ ಎಣ್ಣೆ ಕುಡಿದ ಪ್ಯಾಡಾದರೆ ಆಸೆ ಬಿಡಿ.

ಕೊಳ್ಳುವಾಗ ಬರೀ "ಶಿಮಾನೋದ್ದು ಕೊಡಿ" ಎಂದರೆ ಸಾಲದು, ಆಕಾರದ ನಂಬರ್ ಹೇಳಿ. ಎಂಟಿ200 ಬ್ರೇಕಿಗಾದರೆ ಬಿ01ಎಸ್ ಇಲ್ಲವೇ ಬಿ05ಎಸ್ ಆಕಾರ. ರೋಟರಿನ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಕೊರೆದಿದ್ದರೆ ಸಿಂಟರ್ಡ್ ಮುಟ್ಟಬೇಡಿ, ಆ ಮೆದು ಸ್ಟೀಲ್ ತಿಂದುಹೋಗುತ್ತದೆ. 'ಸೆರಾಮಿಕ್' ಎಂಬ ಪೊಟ್ಟಣದ ಅಬ್ಬರಕ್ಕೆ ಬೆಲೆ ಕೊಡಬೇಡಿ. ರೆಸಿನ್ನೋ ಸಿಂಟರ್ಡೋ ಎಂದು ಹೇಳಲಾರದವರ ಮಾಲು ನನಗಂತೂ ಬೇಡ. ತಗಡಿಗೂ ಮಸಾಲೆಗೂ ನಡುವೆ ಉಗುರು ಆಡಿಸಿ ನೋಡಿ, ಸಂದು ಸಿಕ್ಕರೆ ವಾಪಸ್ ಕೊಡಿ. ತಗಡು ಕ್ಯಾಲಿಪರಿನಲ್ಲಿ ಸಲೀಸಾಗಿ ಜಾರಬೇಕು. ಅಂಚಿನ ಮುಳ್ಳು ತಡೆದರೆ ಅರದಲ್ಲಿ ಎರಡು ಸಲ ಎಳೆದರೆ ಸರಿಹೋಗುತ್ತದೆ. ಮಸಾಲೆ ಅರ್ಧ ಮಿ.ಮೀ.ಗೆ ಇಳಿದಾಗ, ಅಗ್ಗದ್ದೋ ದುಬಾರಿಯೋ, ಬದಲಿಸಿ.

ಉಜ್ಜುವಿಕೆಯ ಈ ಶಾಸ್ತ್ರಕ್ಕೆ ಟ್ರೈಬಾಲಜಿ ಎಂದು ಹೆಸರು ಬಿದ್ದದ್ದು 1966ರಲ್ಲಿ, ಬ್ರಿಟನ್ನಿನ ಒಂದು ವರದಿಯಿಂದ. ಓದುವ ಮಕ್ಕಳಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ, ಆದರೆ ಪುಸ್ತಕಕ್ಕೆ ಮುಂಚೆ ಕಣ್ಣು. ಸವೆದ ಸಿಂಟರ್ಡ್ ಪ್ಯಾಡನ್ನು ಎಸೆಯದೆ ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಕೆಂಪು ತಾಮ್ರದ ಚುಕ್ಕೆಗಳನ್ನು ಹುಡುಕಿ.