ಪೈಲ್ ಹೊಡೆಯೋಕೆ ಮಷಿನ್ ಇಲ್ಲದ ಕಾಲದಲ್ಲಿ ಏನ್ ಮಾಡ್ತಿದ್ರು? ಗುಂಡು, ಹಗ್ಗ, ಮೂವತ್ತು ಜನರ ಲೆಕ್ಕಾಚಾರ

ಕುಂದಾಪುರ: ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡೋದು ನಮ್ಮ ಕಡೆ ಈಗ ಮಾಮೂಲಿ. ಮನೆ ಕಟ್ಟೋಕೆ ಹೊರಟಾಗ ಎಂಜಿನಿಯರ್ ಬಂದು "ಸಾಯಿಲ್ ಟೆಸ್ಟ್ ಮಾಡಿಸಿ, ಪೈಲ್ ಬೇಕಾಗಬಹುದು" ಅಂದ ಕೂಡಲೇ ಮನೆಯವರಿಗೆ ಎದೆ ಧಸಕ್ ಅನ್ನುತ್ತೆ. ಖರ್ಚು ಒಂದು ಕಡೆ. ಅಷ್ಟು ದುಡ್ಡು ಮಣ್ಣಿನೊಳಗೆ ಹೋಗಿ ಅಲ್ಲಿ ಏನು ಮಾಡುತ್ತೆ ಅಂತ ಕಣ್ಣಿಗೆ ಕಾಣಲ್ಲ ಅನ್ನೋದು ಇನ್ನೊಂದು ಕಡೆ.

ಪೈಲ್ ಅಂದ್ರೆ ಬೇರೇನಲ್ಲ, ಮೇಲಿನ ಮೆತ್ತನೆ ಮಣ್ಣನ್ನ ದಾಟಿ ಕೆಳಗಿನ ಗಟ್ಟಿ ಪದರದ ತನಕ ಇಳಿಸೋ ಉದ್ದದ ಕಂಬ. ದನ ಕಟ್ಟೋ ಗೂಟ ಹೊಡೆದವರಿಗೆ ಅರ್ಧ ವಿಷಯ ಗೊತ್ತಿದ್ದ ಹಾಗೇ. ಮೊದಮೊದಲು ಸಲೀಸಾಗಿ ಇಳಿಯುತ್ತೆ, ಆಮೇಲೆ ಪ್ರತಿ ಪೆಟ್ಟಿಗೂ ಕಡಿಮೆ ಕಡಿಮೆ ಇಳಿಯುತ್ತೆ. ಆ ಇಳಿತದ ಲೆಕ್ಕವೇ ಹಳೇ ಕಾಲದ ಇಡೀ ಪೈಲಿಂಗ್ ವಿದ್ಯೆ.

ಇದರಲ್ಲಿ ಪಳಗಿದ ಊರು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್. ಅಲ್ಲಿ ಮೇಲೆಲ್ಲಾ ಕೆಸರು, ಜೌಗು. ಮರಳಿನ ಗಟ್ಟಿ ಪದರ ಸಿಗಬೇಕಂದ್ರೆ 12 ಮೀಟರ್ ಆಸುಪಾಸು ಇಳಿಯಬೇಕು. 1648ರಲ್ಲಿ ಅಲ್ಲಿನ ನಗರಸಭೆ ಕಟ್ಟಡ (ಈಗ ಅದೇ ಅರಮನೆ) ಕಟ್ಟೋಕೆ ಶುರು ಮಾಡಿದಾಗ ನೆಲಕ್ಕೆ ಹೊಡೆದ ಮರದ ಕಂಬಗಳು 13,659. ಅಲ್ಲಿನ ಶಾಲೆ ಮಕ್ಕಳಿಗೆ ಈ ಸಂಖ್ಯೆ ನೆನಪಿಡೋಕೆ ಉಪಾಯ ಇದೆ: ವರ್ಷದ ದಿನ 365, ಹಿಂದೆ ಒಂದು 1, ಮುಂದೆ ಒಂದು 9.

ಇಷ್ಟನ್ನೂ ಹೊಡೆದದ್ದು ಕೈಯಿಂದ. ಮರದ ದಿಮ್ಮಿಗಳಿಂದ ಎತ್ತರದ ಚೌಕಟ್ಟು ಕಟ್ಟಿ, ತುದಿಯಲ್ಲಿ ರಾಟೆ ಕೂರಿಸ್ತಾರೆ. ರಾಟೆ ಮೇಲೆ ಹಾಯೋ ದಪ್ಪ ಹಗ್ಗದ ಒಂದು ತುದಿಗೆ ಭಾರದ ಗುಂಡು. ಇನ್ನೊಂದು ತುದಿಯಲ್ಲಿ ಆ ಒಂದು ಹಗ್ಗ ಹತ್ತಾರು ಸಣ್ಣ ಹಗ್ಗಗಳಾಗಿ ಒಡೆಯುತ್ತೆ, ಒಂದೊಂದು ಹಗ್ಗಕ್ಕೆ ಒಬ್ಬೊಬ್ಬ ಆಳು. ಎಲ್ಲರೂ ಒಟ್ಟಿಗೆ ಜಗ್ಗಿದಾಗ ಗುಂಡು ಮೂರು ನಾಲ್ಕು ಅಡಿ ಮೇಲೆ ಹೋಗುತ್ತೆ. ಒಟ್ಟಿಗೆ ಸಡಿಲ ಬಿಟ್ಟರೆ ಕಂಬದ ತಲೆ ಮೇಲೆ ಧಡ್ ಅಂತ ಬೀಳುತ್ತೆ. ಚರ್ಚಿನ ಗಂಟೆ ಎಳೆದ ಹಾಗೆ ಕಾಣೋದ್ರಿಂದ ಇಂಗ್ಲಿಷರು ಇದನ್ನ ರಿಂಗಿಂಗ್ ಎಂಜಿನ್ ಅಂತ ಕರೆದ್ರು. ಎಂಜಿನ್ ಅಂತ ಹೆಸರು, ಓಡೋದು ಮಾತ್ರ ಮನುಷ್ಯರ ರಟ್ಟೆ ಬಲದಿಂದ.

ಆಳಿನ ಲೆಕ್ಕವೂ ಪಕ್ಕಾ ಇತ್ತು. ಒಬ್ಬನಿಗೆ ಸುಮಾರು 40 ಪೌಂಡ್, ಅಂದ್ರೆ 18 ಕೆಜಿ. 540 ಕೆಜಿ ಗುಂಡಿಗೆ 30 ಜನ ಬೇಕೇ ಬೇಕು. ಒಬ್ಬ ತಡವಾಗಿ ಜಗ್ಗಿದ್ರೂ ಉಳಿದವರ ಮೇಲೆ ಭಾರ ಬೀಳುತ್ತೆ. ಒಬ್ಬ ಬೇಗ ಬಿಡದಿದ್ರೆ ಪೆಟ್ಟು ಸಪ್ಪೆ ಆಗುತ್ತೆ. ಅದಕ್ಕೇ ಹಾಡು. ನಮ್ಮ ಮೀನುಗಾರರು ದೋಣಿ ಎಳೆಯುವಾಗ ಐಸಾ, ಹೈಲೇಸಾ ಅಂತಾರಲ್ಲ, ಕೆಲಸ ಅದೇ. ಡಚ್ಚರಲ್ಲೂ ವೆನಿಸ್‌ನವರಲ್ಲೂ ಪೈಲ್ ಹೊಡೆಯೋರದ್ದೇ ಹಾಡುಗಳಿದ್ದವು. ಹಾಡಿನ ತಾಳಕ್ಕೆ ಜಗ್ಗೋದು, ಒಂದಷ್ಟು ಪೆಟ್ಟಾದ ಮೇಲೆ ಹಾಡು ನಿಲ್ಲಿಸಿ ಸುಧಾರಿಸಿಕೊಳ್ಳೋದು. ಎಷ್ಟು ಪೆಟ್ಟು ಆಯ್ತು ಅನ್ನೋದಕ್ಕೂ ಹಾಡೇ ಲೆಕ್ಕದ ಪುಸ್ತಕ.

ಆಮೇಲೆ ಸುಧಾರಣೆ ಬಂತು. ಕೈಯಿಂದ ಜಗ್ಗೋ ಬದಲು ಗಾಲಿ ತಿರುಗಿಸಿ ಗುಂಡನ್ನ ಇನ್ನೂ ಎತ್ತರಕ್ಕೆ ಒಯ್ಯೋದು, ಅಲ್ಲಿ ಕೊಕ್ಕೆ ಬಿಚ್ಚಿ ಬೀಳಿಸೋದು. ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ 1738ರಲ್ಲಿ ಕುದುರೆ ಕಟ್ಟಿ ತಿರುಗಿಸೋ ಯಂತ್ರ ಬಂತು, ಮಾಡಿದವನು ಜೇಮ್ಸ್ ವಾಲೂ ಅನ್ನೋ ಗಡಿಯಾರ ತಯಾರಿಸೋನು. ಹಗ್ಗ ಜಗ್ಗೋರ ಕೆಲಸಕ್ಕೆ ದೊಡ್ಡ ಹೊಡೆತ ಬಿದ್ದದ್ದು 1845ರಲ್ಲಿ. ಇಂಗ್ಲೆಂಡಿನ ಡೆವನ್‌ಪೋರ್ಟ್ ಬಂದರಿನಲ್ಲಿ ಜೇಮ್ಸ್ ನಾಸ್ಮಿತ್ ತನ್ನ ಹಬೆ ಸುತ್ತಿಗೆಯನ್ನ ಹಳೇ ಪದ್ಧತಿಯವರ ಜೊತೆ ಪಂದ್ಯಕ್ಕೆ ಇಳಿಸಿದ. ಅವನೇ ಆತ್ಮಕಥೆಯಲ್ಲಿ ಹೇಳೋ ಪ್ರಕಾರ 70 ಅಡಿ ಕಂಬಕ್ಕೆ ಹಬೆ ಯಂತ್ರಕ್ಕೆ ಹಿಡಿದದ್ದು ನಾಲ್ಕೂವರೆ ನಿಮಿಷ, ಎದುರಾಳಿಗಳಿಗೆ 12 ಗಂಟೆ. ಗೆದ್ದವನೇ ಹೇಳಿದ ಲೆಕ್ಕ, ಇರಲಿ.

ಯಾವಾಗ ನಿಲ್ಲಿಸಬೇಕು?

ಮೋಸ ಆಗೋದೂ, ಮನೆ ಕೂರೋದೂ ಇಲ್ಲೇ. ಹಳೇ ಮೇಸ್ತ್ರಿಗಳು ಕೊನೇ ಕೆಲವು ಪೆಟ್ಟಿಗೆ ಕಂಬ ಎಷ್ಟು ಇಳೀತು ಅಂತ ಗುರುತು ಹಾಕಿ ಅಳೀತಿದ್ರು. 1888ರಲ್ಲಿ ಅಮೆರಿಕದ ಎ.ಎಂ. ವೆಲ್ಲಿಂಗ್ಟನ್ ಅನ್ನೋ ಎಂಜಿನಿಯರ್ ಇದಕ್ಕೆ ಒಂದು ಸರಳ ಸೂತ್ರ ಕೊಟ್ಟ. ಗುಂಡಿನ ತೂಕವನ್ನ ಅದು ಬೀಳೋ ಅಡಿಗಳಿಂದ ಗುಣಿಸಿ, ಎರಡು ಪಟ್ಟು ಮಾಡಿ. ಕೊನೇ ಪೆಟ್ಟಿನ ಇಳಿತ ಎಷ್ಟು ಇಂಚೋ ಅದಕ್ಕೆ ಒಂದು ಸೇರಿಸಿ, ಅದರಿಂದ ಭಾಗಿಸಿ. ಒಂದು ಟನ್ ಗುಂಡು 10 ಅಡಿಯಿಂದ ಬಿದ್ದು ಕಂಬ ಒಂದು ಇಂಚು ಇಳಿದ್ರೆ ಆ ಕಂಬ 10 ಟನ್ ಹೊರುತ್ತೆ. ಅದೇ ಪೆಟ್ಟಿಗೆ ಮೂರು ಇಂಚು ಇಳಿದ್ರೆ 5 ಟನ್ ಮಾತ್ರ. ಈಗ ಈ ಸೂತ್ರ ಒಂದನ್ನೇ ಯಾರೂ ನಂಬಲ್ಲ, ಪೈಲ್ ಮೇಲೆ ನಿಜವಾಗಿ ಭಾರ ಹೇರಿ ಪರೀಕ್ಷೆ ಮಾಡ್ತಾರೆ. ಯಾಕಂದ್ರೆ ಕಂಬ ಇಳಿಯದೇ ಇರೋಕೆ ಬೇರೆ ಕಾರಣಗಳೂ ಇವೆ.

ಹೊಡೆದು ಹೊಡೆದು ಮರದ ತಲೆ ಹಿಡಿಸೂಡಿ ಹಾಗೆ ಬಿಚ್ಚಿಕೊಂಡ್ರೆ ಪೆಟ್ಟಿನ ಶಕ್ತಿ ಎಲ್ಲಾ ಅಲ್ಲೇ ಮುಗಿದು ಹೋಗುತ್ತೆ. ಕಂಬ ಗಟ್ಟಿ ನೆಲ ಮುಟ್ಟಿದ ಹಾಗೆ ಕಾಣುತ್ತೆ, ಮುಟ್ಟಿರಲ್ಲ. ಅದಕ್ಕೆ ತಲೆಗೆ ಕಬ್ಬಿಣದ ಬಳೆ ತೊಡಿಸ್ತಿದ್ರು, ಚೂಪು ತುದಿಗೆ ಕಬ್ಬಿಣದ ಮೊನೆ. ತಲೆ ಬಿಚ್ಚಿಕೊಂಡ್ರೆ ಕೊಯ್ದು ತೆಗೆದು ಮತ್ತೆ ಹೊಡೆದು ನೋಡ್ಬೇಕು.

ಎರಡನೇದು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರಬೇಕಾದ್ದು. ಇಲ್ಲಿ ಎಷ್ಟೋ ಕಡೆ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ, ಮಳೆ ನೀರು ಕುಡಿದ್ರೆ ಅದರ ಬಲವೇ ಹೋಗಿಬಿಡುತ್ತೆ. ಮುರಕಲ್ಲು ತಾಗಿದ ಕೂಡಲೇ "ಗಟ್ಟಿ ಸಿಕ್ತು" ಅಂತ ನಿಲ್ಲಿಸಿದ್ರೆ, ಆ ಪದರ ಎಷ್ಟು ದಪ್ಪ ಇದೆ ಅನ್ನೋ ಪ್ರಶ್ನೆ ಉಳಿದುಕೊಳ್ಳುತ್ತೆ.

ಮರ ಕೊಳೆಯಲ್ವಾ ಅಂತ ಕೇಳಬಹುದು. ಪೂರ್ತಿ ನೀರಿನೊಳಗೆ ಇದ್ರೆ ಗಾಳಿ ಸಿಗದೆ ಶಿಲೀಂಧ್ರ ಬೆಳೆಯಲ್ಲ. ವೆನಿಸ್‌ನ ಸೇಂಟ್ ಮಾರ್ಕ್ ಗಂಟೆ ಗೋಪುರ 1902ರಲ್ಲಿ ಕುಸಿದಾಗ ತೆಗೆದು ನೋಡಿದ್ರೆ ನೂರಾರು ವರ್ಷದ ಹಳೇ ಕಂಬಗಳು ಗಟ್ಟಿಯಾಗೇ ಇದ್ದವು. ಅಪಾಯ ಇರೋದು ಅಂತರ್ಜಲ ಕೆಳಗಿಳಿದಾಗ. ಕಂಬದ ತಲೆ ಗಾಳಿಗೆ ಬಿದ್ದು ಕೊಳೆಯೋಕೆ ಶುರುವಾಗುತ್ತೆ. ಡಚ್ಚರ ಹಳೇ ಮನೆಗಳಿಗೆ ಇವತ್ತಿಗೂ ಇದೇ ತಲೆನೋವು.

ಈಗ ನಮ್ಮಲ್ಲಿ ಸೇತುವೆಗೂ ಕಟ್ಟಡಕ್ಕೂ ಹೆಚ್ಚಾಗಿ ಹೊಡೆಯೋ ಪೈಲ್ ಅಲ್ಲ, ಕೊರೆದು ಕಾಂಕ್ರೀಟ್ ತುಂಬೋ ಪೈಲ್. ಹಾಗಂತ ಹಳೇ ಗುಂಡು ಪೂರ್ತಿ ಹೋಗಿಲ್ಲ. ಸಾಯಿಲ್ ಟೆಸ್ಟ್‌ನವರು ಸೈಟಿನಲ್ಲಿ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ರಾಟೆ ಕಟ್ಟಿ ಹೊಡೀತಾರಲ್ಲ, ಅದು ಅದೇ ಯಂತ್ರದ ಮರಿ. 63.5 ಕೆಜಿ ಗುಂಡು, 75 ಸೆಂಟಿಮೀಟರ್ ಎತ್ತರದಿಂದ ಬೀಳಬೇಕು. ರಾಡ್ ಮೇಲೆ ಸೀಮೆಸುಣ್ಣದಲ್ಲಿ 15 ಸೆಂಟಿಮೀಟರಿಗೊಂದರಂತೆ ಮೂರು ಗುರುತು. ಮೊದಲ 15ರ ಪೆಟ್ಟು ಬಿಟ್ಟು, ಉಳಿದ 30 ಸೆಂಟಿಮೀಟರ್ ಇಳಿಯೋಕೆ ಎಷ್ಟು ಪೆಟ್ಟು ಬೇಕಾಯ್ತೋ ಅದೇ ರಿಪೋರ್ಟಿನಲ್ಲಿ ಬರೋ ಎನ್ ವ್ಯಾಲ್ಯೂ. ಮರಳಿನಲ್ಲಿ ನಾಲ್ಕಕ್ಕಿಂತ ಕಡಿಮೆ ಬಂದ್ರೆ ತೀರಾ ಸಡಿಲ, 50 ದಾಟಿದ್ರೆ ತುಂಬಾ ಗಟ್ಟಿ. ಟೆಸ್ಟ್ ನಡೆಯುವಾಗ ಮನೆಯವರೂ ಪಕ್ಕದಲ್ಲಿ ನಿಂತು ಎಣಿಸಬಹುದು, ಆಮೇಲೆ ರಿಪೋರ್ಟ್ ಬಂದಾಗ ಆ ಆಳಕ್ಕೆ ಅದೇ ಸಂಖ್ಯೆ ಇದೆಯಾ ಅಂತ ಕೇಳಬಹುದು.