ಪದ ಕೂಡಿಸುವ ಕಸುಬು

ತುಂಗಭದ್ರೆಯ ದಂಡೆಯ ಐರಣಿಯಿಂದ, ಅದರ ಸುತ್ತಲಿನ ಹಳ್ಳಿಗಳಿಂದ ರಾಣೆಬೆನ್ನೂರಿಗೆ ಓದಲು ಹೋಗುವ ಹುಡುಗ ಹುಡುಗಿಯರು ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಿಗೆ ಕೂತಾಗ ಗಣಿತಕ್ಕೆ ಅಷ್ಟಾಗಿ ಅಂಜುವುದಿಲ್ಲ. ಲೆಕ್ಕ ಬಿಡಿಸುತ್ತ ಬಿಡಿಸುತ್ತ ಕೈಗೆ ಬರುತ್ತದೆ. ಅಂಜಿಕೆಯೆಲ್ಲ ಇಂಗ್ಲಿಷ್ ಪದಗಳದು. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ಹೊರದೇಶಕ್ಕೆ ಓದಲು ಹೋಗುವವರ ಜಿಆರ್‌ಇಯಲ್ಲಿ ಭಾಷೆಯ 27 ಪ್ರಶ್ನೆಗಳು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಬಿಟ್ಟ ಸ್ಥಳಕ್ಕೆ ತಕ್ಕ ಪದ ಆರಿಸುವಂಥವು. ಕನ್ನಡ ಮಾಧ್ಯಮದವರಿಗೆ ಇದು ಆಗದ ಮಾತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಈ ಕಸುಬಿಗೆ ಬೇಕಾದ ಅರ್ಧ ಸಾಮಗ್ರಿ ಆ ಮಕ್ಕಳ ಬಳಿ ಆಗಲೇ ಇದೆ.

ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ದಾರಿ ಅಕಾರಾದಿ ಪಟ್ಟಿ. ಜಿಆರ್‌ಇ ತಯಾರಿಯ ಬ್ಯಾರನ್ಸ್ ಪುಸ್ತಕದ 3,500 ಪದಗಳನ್ನು ಮೊದಲ ಅಕ್ಷರದಿಂದ ಬಾಯಿಪಾಠಕ್ಕೆ ಹಚ್ಚಿದವರು ನನಗೆ ಗೊತ್ತು. ಅಬೇಸ್, ಅಬ್ಯಾಷ್, ಅಬೇಟ್: ಮೊದಲ ಪುಟದಲ್ಲೇ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಪದ ಹುಡುಕಲು ಅಕಾರಾದಿ ಒಳ್ಳೆಯದು, ನೆನಪಿಡಲು ಅಲ್ಲ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಾಯಿಪಾಠಕ್ಕೆಂದೇ ಶ್ಲೋಕದಲ್ಲಿ ಕಟ್ಟಿದ ಅಮರಕೋಶದಲ್ಲಿ ಸ್ವರ್ಗವರ್ಗ, ವಾರಿವರ್ಗ, ವನೌಷಧಿವರ್ಗ ಎಂದು ಅರ್ಥದ ನಂಟಿನಿಂದ ಪದಗಳು ಕೂಡಿವೆ. ಕನ್ನಡದಲ್ಲೂ ರನ್ನಕಂದದಿಂದ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯವರೆಗೆ ಪದ್ಯದಲ್ಲೇ ಹೇಳಿದ ನಿಘಂಟುಗಳಿವೆ.

ಹಾಗಾದರೆ ಇಂಗ್ಲಿಷಿನಲ್ಲೂ ಒಂದು ವರ್ಗ ಮಾಡೋಣ. ಮಾತಿನ ವರ್ಗವೇ ಇರಲಿ. ಎಲೊಕ್ವೆಂಟ್ ಅಂದರೆ ವಾಗ್ಮಿ. ಲೊಕ್ವೇಶಸ್ ಅಂದರೆ ವಾಚಾಳಿ. ಗ್ಯಾರುಲಸ್ ಅವನಿಗಿಂತ ಒಂದು ಕೈ ಮೇಲು, ಕೆಲಸಕ್ಕೆ ಬಾರದ್ದನ್ನೇ ಕೊರೆಯುವ ಹರಟೆಮಲ್ಲ. ಇತ್ತ ಕಡೆ ಟ್ಯಾಸಿಟರ್ನ್ ಸ್ವಭಾವತಃ ಮೌನಿ. ರೆಟಿಸೆಂಟ್ ಮನಸ್ಸಿನದನ್ನು ಹೊರಹಾಕಲು ಹಿಂಜರಿಯುವವನು. ಲಕೋನಿಕ್ ನಾಲ್ಕು ಮಾತಿನದನ್ನು ಒಂದರಲ್ಲಿ ಮುಗಿಸುವವನು. ಈ ಪದ ಬಂದದ್ದು ಸ್ಪಾರ್ಟಾ ಇದ್ದ ಲಕೋನಿಯ ಸೀಮೆಯಿಂದ. 'ನಾನು ನಿಮ್ಮ ನಾಡಿಗೆ ನುಗ್ಗಿದರೆ ಸರ್ವನಾಶ' ಎಂದು ಮ್ಯಾಸಿಡೋನಿಯದ ಫಿಲಿಪ್ ಬೆದರಿಸಿದಾಗ ಸ್ಪಾರ್ಟಾದವರು ಕೊಟ್ಟ ಉತ್ತರ 'ನುಗ್ಗಿದರೆ' ಎಂಬ ಒಂದೇ ಮಾತು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಪರೀಕ್ಷೆ ಕೇಳುವುದು ಈ ಸೂಕ್ಷ್ಮಗಳನ್ನೇ. ವಾಗ್ಮಿ ಹೊಗಳಿಕೆ, ವಾಚಾಳಿ ತೆಗಳಿಕೆ ಎಂದು ಕನ್ನಡದಲ್ಲಿ ಅರಿತವರಿಗೆ ಎಲೊಕ್ವೆಂಟ್, ಲೊಕ್ವೇಶಸ್ ನಡುವಿನ ಅಂತರ ತಾನಾಗಿ ತಿಳಿಯುತ್ತದೆ.

ಎರಡರೊಳಗೂ 'ಲೊಕ್ವ್' ಇದೆ, ಗಮನಿಸಿ. ಲ್ಯಾಟಿನ್ನಿನಲ್ಲಿ ಮಾತಾಡು ಎಂಬ ಧಾತು. ಒಬ್ಬನೇ ಆಡುವ ಮಾತು ಸಲಿಲಕ್ವಿ, ಆಡುಮಾತಿನದು ಕಲೋಕ್ವಿಯಲ್. ಉಪಸರ್ಗ ಬದಲಾದರೆ ಅರ್ಥ ಬದಲಾಗುವುದು ಹೈಸ್ಕೂಲಿನಲ್ಲಿ ಆಹಾರ, ವಿಹಾರ, ಸಂಹಾರ, ಪರಿಹಾರ ಓದಿದವರಿಗೆ ಹೊಸ ಸಂಗತಿಯಲ್ಲ. 'ಸ್ಪೆಕ್ಟ್' ಎಂದರೆ ನೋಡು. ಹಿಂದಕ್ಕೆ ನೋಡಿದರೆ ರೆಟ್ರೋಸ್ಪೆಕ್ಟ್, ಸುತ್ತ ನೋಡಿದರೆ ಸರ್ಕಮ್‌ಸ್ಪೆಕ್ಟ್, ನಾವು ಹಿಂದುಮುಂದು ನೋಡಿ ಹೆಜ್ಜೆ ಇಡುವವನು ಎನ್ನುತ್ತೇವಲ್ಲ, ಅವನೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಹೇಳಿದ. ಆ ನಂಟು ತತ್ಸಮಗಳ ಮೂಲಕ ನಮಗೂ ದಕ್ಕಿದೆ: ದಂತಕ್ಕೆ ಡೆಂಟಲ್, ಅಗ್ನಿಗೆ ಇಗ್ನೈಟ್, ಮೃತಕ್ಕೆ ಮಾರ್ಟಲ್, ನವಕ್ಕೆ ನಾವೆಲ್.

ಧಾತುವನ್ನೇ ನಂಬಿ ಕೂತರೂ ಪೆಟ್ಟು ತಿನ್ನುತ್ತೇವೆ. ಎನರ್ವೇಟ್ ಎಂದರೆ ಹುರುಪು ತುಂಬುವುದಲ್ಲ, ಬಲ ಕುಂದಿಸುವುದು. ನಾಯ್ಸಮ್‌ಗೂ ಗದ್ದಲಕ್ಕೂ ಸಂಬಂಧವಿಲ್ಲ, ಅದು ಹೇಸಿಗೆ ಹುಟ್ಟಿಸುವ ನಾತ. ಪಾದಚಾರಿ ಎಂದು ಎಲ್ಲರಿಗೂ ಗೊತ್ತಿರುವ ಪೆಡೆಸ್ಟ್ರಿಯನ್‌ಗೆ ಸಪ್ಪೆ, ಸ್ವಾರಸ್ಯವಿಲ್ಲದ್ದು ಎಂಬ ಅರ್ಥವೂ ಇದೆ. ಜಿಆರ್‌ಇಗೆ ಬೇಕಾದದ್ದು ಆ ಎರಡನೆಯದೇ.

ಆದ್ದರಿಂದ ಪದಕ್ಕೆ ವಾಕ್ಯ ಬೇಕು. ಇದರಲ್ಲಿ ನನಗೆ ಗುರುವಾಗಿ ಕಾಣುವವರು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದು ಹುಬ್ಬಳ್ಳಿ, ಧಾರವಾಡಗಳಲ್ಲೂ ಇದ್ದು, ಪರಭಾಷೆಯನ್ನು ಒಂದೊಂದೇ ಪದವಾಗಿ ತಮ್ಮದಾಗಿಸಿಕೊಂಡ ಜರ್ಮನ್. 1894ರಲ್ಲಿ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅರ್ಥ ಕೊಟ್ಟು ಸುಮ್ಮನಾಗದೆ ಎಷ್ಟೋ ಪದಗಳ ಜೊತೆ ಜನ ಆಡುವ ಗಾದೆಗಳನ್ನೂ ಅವರು ಇಟ್ಟರು. ಇಂಗ್ಲಿಷ್ ಕಲಿಯುವವರೂ ಹಾಗೇ ಮಾಡಲಿ. ಅಂಗೈಯಗಲದ ರಟ್ಟಿನ ಚೀಟಿಯ ಮುಂಭಾಗದಲ್ಲಿ, ರಾಣೆಬೆನ್ನೂರಲ್ಲಿ ಬಸ್ ಹತ್ತಿದಾಗಿನಿಂದ ಐರಣಿ ಬರುವತನಕ ಬಾಯಿ ಮುಚ್ಚದ ಕಾಕಾನ ಮೇಲೆ ಒಂದು ಇಂಗ್ಲಿಷ್ ವಾಕ್ಯ, ಪದದ ಜಾಗ ಖಾಲಿ. ಹಿಂಭಾಗದಲ್ಲಿ ಗ್ಯಾರುಲಸ್, ಅದರ ಉಚ್ಚಾರ, ತೆಗಳಿಕೆಯದೆಂದು ತೋರಿಸುವ ಒಂದು ಗುರುತು.

ಬರೆದಿಟ್ಟರೆ ಸಾಲದು, ಮತ್ತೆ ಮತ್ತೆ ಬರಬೇಕು. ಮರೆವು ಮೊದಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಬರುತ್ತದೆಂದು ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಅದಕ್ಕೆ ಸುಲಭದ ಉಪಾಯ ತೋರಿಸಿದ. ಒಂದು ಡಬ್ಬಿ, ಅದರಲ್ಲಿ ಕೆಲವು ಮನೆಗಳು. ಉತ್ತರ ಬಂದ ಚೀಟಿ ಮುಂದಿನ ಮನೆಗೆ, ಬಾರದ್ದು ಮತ್ತೆ ಮೊದಲ ಮನೆಗೆ. ಮೊದಲ ಮನೆಯನ್ನು ದಿನಾ ತೆಗೆಯಬೇಕು, ಹಿಂದಿನವನ್ನು ವಾರಕ್ಕೋ ತಿಂಗಳಿಗೋ ಒಮ್ಮೆ ತೆಗೆದರೆ ಸಾಕು. ನಮ್ಮ ಕಡೆ ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಸಂಜೆ ಮೊಗ್ಗಿನ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಅದೇ ಹೂವಿಗೆ ಮರಳಿ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ.

ಇದರ ಜೊತೆಗೆ ಓದು. ಪಟ್ಟಿಯಲ್ಲಿ ಕಲಿತ ಪದ ಪತ್ರಿಕೆಯ ಸಂಪಾದಕೀಯದಲ್ಲಿ ಎದುರಾದಾಗಲೇ ಗಟ್ಟಿಯಾಗುವುದು. ರಾಣೆಬೆನ್ನೂರಿನ ಜಿಲ್ಲೆಯದೇ ಆದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದರು, ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ನಡೆಸಿದರು, ಕನ್ನಡಕ್ಕೆ ಜ್ಞಾನಪೀಠವನ್ನೂ ತಂದರು. ಎರಡು ಭಾಷೆಗಳೂ ಒಂದೇ ತಲೆಯಲ್ಲಿ ಹಾಯಾಗಿ ಇರಬಲ್ಲವೆಂಬುದಕ್ಕೆ ದೂರ ಹೋಗಬೇಕಿಲ್ಲ.

ಪರೀಕ್ಷೆಯ ಕೊಠಡಿಯಲ್ಲೂ ಕನ್ನಡ ಕೆಲಸಕ್ಕೆ ಬರುತ್ತದೆ. ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ಆಯ್ಕೆಗಳನ್ನು ಮೊದಲು ನೋಡಬಾರದು. ಸಭೆಯಲ್ಲಿ ಎಲ್ಲರೂ ಕೂಗಾಡುತ್ತಿದ್ದರೂ ಅಧ್ಯಕ್ಷರು ಮಾತ್ರ ಹೇಗೋ ಇದ್ದರು ಎಂಬ ವಾಕ್ಯವಿದೆ ಅನ್ನಿ. 'ದ್ದರೂ' ಎಂಬಲ್ಲೇ ಮುಂದೆ ಬರುವುದು ಕೂಗಾಟಕ್ಕೆ ವಿರುದ್ಧವಾದದ್ದೆಂದು ಗೊತ್ತಾಯಿತು. ಖಾಲಿ ಜಾಗಕ್ಕೆ 'ಶಾಂತವಾಗಿ' ಎಂದು ಮನಸ್ಸಿನಲ್ಲೇ ಬರೆದುಕೊಂಡು ಆಮೇಲೆ ಆಯ್ಕೆಗಳತ್ತ ಕಣ್ಣು ಹಾಯಿಸಿ. ಇಂಪರ್ಟರ್ಬಬಲ್ ಎಂಬ ಉದ್ದನೆಯ ಪದವೊಂದು ಅಲ್ಲಿದ್ದರೆ ಗಾಬರಿ ಬೇಡ. ದಿನಾ ಬಳಸುವ ಡಿಸ್ಟರ್ಬ್‌ನೊಳಗಿನ 'ಟರ್ಬ್' ಅದರಲ್ಲೂ ಇದೆ, ಮುಂದೆ 'ಅಲ್ಲ' ಎನ್ನುವ 'ಇಂ' ಇದೆ. ಏನೇ ಆದರೂ ಕದಡದವರು. ಅದನ್ನೇ ಆರಿಸಿ ಮುಂದಿನ ಪ್ರಶ್ನೆಗೆ ಹೋಗಿ.